ಬಾಲ್ಸಾ ಕಿಟ್ ಬಂದಿದೆ, ರೆಕ್ಕೆ ಮೊದಲೋ ಮೈ ಮೊದಲೋ?

#1 ಪೆಟ್ಟಿಗೆಬಿಚ್ಚಿದವ
ಎಲ್ಲರಿಗೂ ನಮಸ್ಕಾರ. ರೇಡಿಯೊದಿಂದ ಹಾರಿಸುವ ಮಾದರಿ ವಿಮಾನದ ಲೇಸರ್ ಕಟ್ ಬಾಲ್ಸಾ (ತುಂಬ ಹಗುರ ಮರ) ಕಿಟ್ ಒಂದು ಕೈ ಸೇರಿದೆ. ಮೇಲ್ರೆಕ್ಕೆಯ ಟ್ರೇನರ್, ಅಂದರೆ ಕಲಿಯುವವರ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 1500 ಮಿ.ಮೀ., ಅಗಲ ಉದ್ದಕ್ಕೂ 240 ಮಿ.ಮೀ., ಐಲೆರಾನ್ (ರೆಕ್ಕೆಯ ಹಿಂದಂಚಿನ ಅಲುಗುವ ಪಟ್ಟಿ) ಸೇರಿ ನಾಲ್ಕು ಚಾನೆಲ್. ಪೂರ್ಣ ಅಳತೆಯ ನಕ್ಷೆ ಇದೆ, ಸೂಚನೆ ಮಾತ್ರ ಎರಡೇ ಪುಟ. ಮೋಟರ್, ಬ್ಯಾಟರಿ, ರೇಡಿಯೊ ಏನೂ ಇಲ್ಲ.
ಕೇಳಬೇಕಿರೋದು: ಯಾವ ಭಾಗದಿಂದ ಶುರು ಮಾಡಲಿ? ಎಲ್ಲದಕ್ಕೂ ಫೆವಿಕ್ವಿಕ್ ಸಾಕಾ? ಮೋಟರ್ ಎಷ್ಟು ದೊಡ್ಡದು ಬೇಕು? ಹಾರಿಸೋಕೆ ಯಲಹಂಕದ ಹತ್ತಿರ ಒಂದು ಖಾಲಿ ಬಯಲಿದೆ, ನಡೆಯುತ್ತಾ?

#2 ಫೋಮ್‌ಪ್ರಿಯ
ಮೊದಲ ವಿಮಾನಕ್ಕೇ ಬಾಲ್ಸಾ ಯಾಕೆ ಗುರು? ಫೋಮ್ ತಗೊಳ್ಳಿ. ಬಿದ್ದರೆ ಅಂಟಿಸಿ ಹತ್ತು ನಿಮಿಷದಲ್ಲಿ ಮತ್ತೆ ಹಾರಿಸಬಹುದು.

#3 ಮೂಲೆಮಟ್ಟ
ಅವರು ಕೇಳಿದ್ದು ಬಾಲ್ಸಾ ಬಗ್ಗೆ. ಕಿಟ್ ಈಗಾಗಲೇ ಮನೆಗೆ ಬಂದಿದೆ.

ಮೊದಲು ಬಾಲ ಕಟ್ಟಿ. ಸ್ಟೆಬಿಲೈಸರ್ (ಬಾಲದ ಅಡ್ಡ ಭಾಗ), ಫಿನ್ (ನಿಂತ ಭಾಗ) ಎರಡೂ ಚಪ್ಪಟೆ, ಕಡ್ಡಿ ಜೋಡಣೆ ಅಷ್ಟೆ. ಕೈ ಪಳಗುತ್ತೆ, ಹಾಳಾದರೂ ನಷ್ಟ ಕಡಿಮೆ. ಆಮೇಲೆ ರೆಕ್ಕೆ, ಕೊನೆಗೆ ಮೈ. ರೆಕ್ಕೆ ಕೂರುವ ತಗ್ಗನ್ನು ಕಟ್ಟಿದ ರೆಕ್ಕೆಗೆ ತಕ್ಕಂತೆ ಉಜ್ಜಿ ಹೊಂದಿಸೋದು ಸುಲಭ, ರೆಕ್ಕೆಯನ್ನು ತಗ್ಗಿಗೆ ಹೊಂದಿಸೋದು ಆಗದ ಕೆಲಸ.

ಅದಕ್ಕೂ ಮುಂಚೆ ಹಲಗೆ. ಹಲಗೆ ಸೊಟ್ಟಗಿದ್ದರೆ ರೆಕ್ಕೆ ಸೊಟ್ಟ, ಆಮೇಲೆ ರೇಡಿಯೊದಲ್ಲಿ ಎಷ್ಟು ಟ್ರಿಮ್ (ಸಣ್ಣ ತಿದ್ದುಪಡಿ) ಕೊಟ್ಟರೂ ಅಷ್ಟೆ. 18 ಮಿ.ಮೀ. ಎಂಡಿಎಫ್ ಮೇಲೆ ನೋಟಿಸ್ ಬೋರ್ಡಿಗೆ ಹಾಕುವ ಸಾಫ್ಟ್ ಬೋರ್ಡ್ ಅಂಟಿಸಿದರೆ ಗುಂಡುಪಿನ್ನು ಸಲೀಸಾಗಿ ಇಳಿಯುತ್ತೆ. ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ, ಕರ್ಣದುದ್ದಕ್ಕೂ ಒಂದು ದಾರ ಎಳೆದು ನೋಡಿ. ನಕ್ಷೆಯ ಮೇಲೆ ತೆಳು ಪಾಲಿಥಿನ್ ಹಾಳೆ ಹಾಸಿ. ಬಟರ್ ಪೇಪರ್ ಹಾಕಿದರೆ ತೆಳು ಅಂಟು ಒಳಗಿಳಿದು ರೆಕ್ಕೆಯ ಜೊತೆ ನಕ್ಷೆಯೂ ಎದ್ದು ಬರುತ್ತೆ.

#4 ಅಂಟುಬೆರಳು
ಅಂಟಿನ ವಿಷಯ ನಾನು ಹೇಳ್ತೀನಿ. ಫೆವಿಕ್ವಿಕ್ ಅಂದರೆ ಸಯನೊಅಕ್ರಿಲೇಟ್, ಹವ್ಯಾಸಿಗಳು ಸಿಎ ಅಂತಾರೆ. ತೆಳು, ಮಧ್ಯಮ, ಗಟ್ಟಿ ಅಂತ ಮೂರು ಬಗೆ ಸಿಗುತ್ತೆ. ತೆಳುವಾದದ್ದು ಸಂದಿಗೆ ತಾನೇ ಹರಿಯುತ್ತೆ, ಆದರೆ ಎರಡು ತುಂಡು ಒಂದಕ್ಕೊಂದು ಮುಟ್ಟಿರಲೇಬೇಕು. ಕಾಲು ಮಿ.ಮೀ. ಸಂದಿ ಇದ್ದರೂ ಹಿಡಿಯಲ್ಲ. ಅಲ್ಲಿ ಮಧ್ಯಮ ಬಳಸಿ.

ಎಲ್ಲದಕ್ಕೂ ಸಿಎ ಸಾಲದು. ಒಣಗಿದ ಮೇಲೆ ಅದು ಗಾಜಿನ ಹಾಗೆ, ಕಂಪನಕ್ಕೆ ಸೀಳು ಬಿಡುತ್ತೆ. ಮೋಟರ್ ಕೂರುವ ಫೈರ್‌ವಾಲ್, ರೆಕ್ಕೆಯ ಎರಡು ಭಾಗ ಸೇರುವ ನಡು, ಚಕ್ರದ ತಂತಿ ಕೂರುವ ಪ್ಲೈವುಡ್, ಈ ಮೂರಕ್ಕೂ 30 ನಿಮಿಷದ ಎಪಾಕ್ಸಿ. 5 ನಿಮಿಷದ್ದು ಬೇಡ. ಅದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗುತ್ತೆ.

ಹತ್ತಿ ಬಟ್ಟೆಗೆ ಸಿಎ ಚೆಲ್ಲಿದರೆ ಹೊಗೆ ಬರುವಷ್ಟು ಕಾಯುತ್ತೆ. ತೊಡೆಯ ಮೇಲೆ ಹತ್ತಿ ಟವೆಲ್ ಹಾಸಿಕೊಂಡು ಕೆಲಸಕ್ಕೆ ಕೂರಬೇಡಿ. ಬೆರಳು ಅಂಟಿದರೆ ಕಿತ್ತು ಎಳೆಯದೆ ಅಸಿಟೋನ್ ಹಚ್ಚಿ.

#5 ಕಡಲತಡಿ
ಫೆವಿಕಾಲ್ ಯಾಕೆ ಯಾರೂ ಹೇಳುದಿಲ್ಲ ಮಾರಾಯ್ರೆ? ಮರಕ್ಕೆ ಮರದ ಅಂಟೇ ಒಳ್ಳೇದು. ತಪ್ಪು ಕೂರಿಸಿದರೆ ತೆಗೆದು ಸರಿ ಮಾಡ್ಲಿಕ್ಕೆ ಸಮಯ ಉಂಟು, ಹೊಗೆ ಇಲ್ಲ, ಕಣ್ಣು ಉರಿಯುದಿಲ್ಲ.

#6 ಅಂಟುಬೆರಳು
ಒಪ್ಪಿದೆ, ರಿಬ್ಬು (ರೆಕ್ಕೆಯ ಅಡ್ಡ ಪಕ್ಕೆಲುಬು)-ಸ್ಪಾರ್ (ರೆಕ್ಕೆಯುದ್ದದ ಕಡ್ಡಿ) ಜೋಡಣೆಗೆ ಧಾರಾಳವಾಗಿ ಬಳಸಬಹುದು. ಎರಡು ತಕರಾರು. ಪಿನ್ನು ಚುಚ್ಚಿ ಗಂಟೆಗಟ್ಟಲೆ ಬಿಡಬೇಕು. ಒಣಗಿದ ಮೇಲೆ ರಬ್ಬರಿನ ಹಾಗಿರುತ್ತೆ, ಸ್ಯಾಂಡ್ ಪೇಪರ್ ತಗುಲಿದರೆ ಸುತ್ತಲ ಬಾಲ್ಸಾ ಸವೆದು ಅಂಟಿನ ಗೆರೆ ಮಾತ್ರ ಏಣಾಗಿ ಉಳಿಯುತ್ತೆ. ಹಾಗಾಗಿ ಹೊರಗೆ ಕಾಣುವ, ಉಜ್ಜುವ ಜಾಗಕ್ಕೆ ಬೇಡ.

#7 ಕಡಲತಡಿ
ಅದು ಸರಿ. ಇನ್ನೊಂದು: ಮಳೆಗಾಲದಲ್ಲಿ ಕರಾವಳಿ ಕಡೆ ಬಾಲ್ಸಾ ಹಾಳೆ ಪಸೆ ಎಳೆದು ಬಾಗ್ತದೆ. ಕಿಟ್ ಬಿಚ್ಚಿದ ಮೇಲೆ ಹಾಳೆಗಳನ್ನು ಗೋಡೆಗೆ ಒರಗಿಸಿ ಇಡ್ಬೇಡಿ. ಚಪ್ಪಟೆಯಾಗಿ ಮಲಗಿಸಿ ಮೇಲೆ ಭಾರ ಇಡಿ.

#8 ಶಿಯರ್‌ವೆಬ್
ಇಷ್ಟು ಮಾತಾಡಿದ್ರಿ, ರೆಕ್ಕೆ ಮುರಿಯೋ ನಿಜವಾದ ಕಾರಣ ಯಾರೂ ಹೇಳಲಿಲ್ಲ.

ಮೇಲೊಂದು ಸ್ಪಾರ್, ಕೆಳಗೊಂದು ಸ್ಪಾರ್. ಹಾರುವಾಗ ಮೇಲಿನದು ಒತ್ತಡಕ್ಕೆ ಸಿಗುತ್ತೆ, ಕೆಳಗಿನದು ಎಳೆತಕ್ಕೆ. ಎರಡರ ನಡುವೆ ರಿಬ್ಬಿನಿಂದ ರಿಬ್ಬಿಗೆ ಕೂರುವ ಚಿಕ್ಕ ಬಾಲ್ಸಾ ತುಂಡುಗಳೇ ಶಿಯರ್ ವೆಬ್. ಅವಿಲ್ಲದಿದ್ದರೆ ಡೈವ್‌ನಿಂದ ಮೇಲೆಳೆಯುವಾಗ ಮೇಲಿನ ಸ್ಪಾರ್ ಬಾಗಿ ಸಿಡಿಯುತ್ತೆ, ರೆಕ್ಕೆ ಚಪ್ಪಾಳೆ ತಟ್ಟಿದ ಹಾಗೆ ಮಡಚಿಕೊಳ್ಳುತ್ತೆ. ಕಿಟ್‌ನಲ್ಲಿ ಇವು ಬಿಡಿ ತುಂಡುಗಳಾಗಿರುತ್ತವೆ, ಅಥವಾ 1.5 ಮಿ.ಮೀ. ಹಾಳೆಯಿಂದ ನೀವೇ ಕತ್ತರಿಸಬೇಕು. ಬೇಸರಕ್ಕೆ ಬಿಟ್ಟುಬಿಡುವವರೇ ಹೆಚ್ಚು.

ಮರದ ನಾರು ನಿಂತಿರಬೇಕು, ಅಂದರೆ ಕೆಳಗಿನ ಸ್ಪಾರ್‌ನಿಂದ ಮೇಲಿನದಕ್ಕೆ. ರೆಕ್ಕೆಯ ಉದ್ದಕ್ಕೆ ನಾರು ಮಲಗಿಸಿ ಅಂಟಿಸಿದರೆ ಆ ತುಂಡು ನಾರಿನುದ್ದಕ್ಕೆ ಸೀಳುತ್ತೆ, ಹಾಕಿದ್ದೂ ದಂಡ. ನಡುವಿನಿಂದ ಎರಡೂ ಕಡೆ ಅರ್ಧ ದೂರದವರೆಗಾದರೂ ಕಡ್ಡಾಯ.

#9 ಪೆಟ್ಟಿಗೆಬಿಚ್ಚಿದವ
ನಕ್ಷೆಯಲ್ಲಿ ಆ ತುಂಡುಗಳ ಮೇಲೆ ಬಾಣದ ಗುರುತಿದೆ. ಅದೇನಂತ ಈಗ ಗೊತ್ತಾಯ್ತು 😅 ರೆಕ್ಕೆಯ ಎರಡು ಭಾಗ ಎಷ್ಟು ಕೋನಕ್ಕೆ ಸೇರಿಸಬೇಕು? ಪ್ರತಿ ಬದಿ 3 ಡಿಗ್ರಿ ಅಂತಿದೆ. ಅಳೆಯೋದು ಹೇಗೆ?

#10 ಮೂಲೆಮಟ್ಟ
ಕೋನಮಾಪಕ ಬೇಡ. ಒಂದು ಭಾಗವನ್ನು ಹಲಗೆಗೆ ಒತ್ತಿ ಕೂರಿಸಿ, ಇನ್ನೊಂದರ ತುದಿಯನ್ನು 78 ಮಿ.ಮೀ. ಎತ್ತಿ. ಅರ್ಧ ರೆಕ್ಕೆ 750, ಒಟ್ಟು ಕೋನ 6 ಡಿಗ್ರಿ, ಲೆಕ್ಕ ಅಲ್ಲಿಗೆ ಬರುತ್ತೆ. ನಡುವಿನ ರಿಬ್ಬುಗಳನ್ನು ಆ ಕೋನಕ್ಕೆ ಉಜ್ಜಿ, ಪ್ಲೈವುಡ್ ಬ್ರೇಸ್ ಇಟ್ಟು, ಎಪಾಕ್ಸಿ ಹಾಕಿ ರಾತ್ರಿಯೆಲ್ಲ ಬಿಡಿ.

ಮೈ ಕಟ್ಟುವಾಗ ಹೊಸಬರೆಲ್ಲ ಬೀಳೋ ಗುಂಡಿ ಒಂದಿದೆ: ಎರಡೂ ಎಡಪಕ್ಕವನ್ನೇ ಕಟ್ಟಿಬಿಡೋದು. ಪ್ಲೈವುಡ್ ಡಬ್ಲರ್ (ಬಲಕ್ಕೆ ಅಂಟಿಸುವ ಪದರ) ಒಳಮೈಗೆ ಬರಬೇಕು. ಎರಡು ಪಕ್ಕಗಳನ್ನೂ ಪುಸ್ತಕ ತೆರೆದ ಹಾಗೆ ಎದುರುಬದುರು ಇಟ್ಟು, ಪೆನ್ಸಿಲ್‌ನಲ್ಲಿ 'ಒಳಗೆ' ಅಂತ ಬರೆದುಕೊಂಡೇ ಅಂಟು ಮುಟ್ಟಿ.

#11 ಹುಬ್ಬಳ್ಳಿಹಕ್ಕಿ
ಏನ್ರೀ, ಬಾಲದ ತೂಕದ ಬಗ್ಗೆ ಯಾರೂ ಮಾತಾಡವಲ್ರಿ? ಹಿಂದ ಅಂಟು ಸುರಿಯೂದು, ಫಿನ್‌ಗೆ ಪೇಂಟ್ ಬಳಿಯೂದು, ಎಲ್ಲಾ ಕಡೀಕ ಮೂತ್ಯಾಗ ಸೀಸ ತುಂಬೂದ ಆಗ್ತದ. ಬಾಲ ಸಿ.ಜಿ. (ವಿಮಾನ ಸಮ ನಿಲ್ಲೂ ಜಾಗ) ಇಂದ 650 ಮಿ.ಮೀ. ಹಿಂದ, ಮೂತಿ 260 ಮುಂದ ಅಂತ ಹಿಡೀರಿ. ಹಿಂದ 10 ಗ್ರಾಂ ಜಾಸ್ತಿ ಆದ್ರ ಮುಂದ 25 ಗ್ರಾಂ ಕಟ್ಟಬೇಕು. ಹಗುರ ಬಾಲ್ಸಾ ಹಾಳಿ ಬಾಲಕ್ಕ ಇಡ್ರಿ, ಭಾರದ್ದು ಮೂತಿ ಕಡೆ.

#12 ಫೋಮ್‌ಪ್ರಿಯ
ಬಾಲ್ಸಾ ಬೆಲೆ ನೋಡಿದ್ದೀರಾ ಈಗ? ಹಾಳೆ ಹಾಳಾದರೆ ಇನ್ನೊಂದು ತರಿಸೋಕೆ ಜೀವ ಹೋಗುತ್ತೆ.

#13 ಶಿಯರ್‌ವೆಬ್
2020ರ ಹೊತ್ತಿಗೆ ಏರಿದ ಬೆಲೆ ಅದು. ಗಾಳಿಯಂತ್ರದ ರೆಕ್ಕೆಗಳ ಒಳತಿರುಳಿಗೆ ಬಾಲ್ಸಾ ಬೇಕು, ಜಗತ್ತಿನ ಬಹುಪಾಲು ಬಾಲ್ಸಾ ಬರೋದು ಈಕ್ವೆಡಾರ್‌ನಿಂದ. ಟರ್ಬೈನ್ ಕಟ್ಟುವವರು ರಾಶಿ ಕೊಂಡರೆ ನಮ್ಮಂಥವರಿಗೆ ಉಳಿಯೋದು ಚೂರು. ಇದು ಬೇರೆ ಚರ್ಚೆಯೇ ಆಗುತ್ತೆ, ಬಿಡಿ.

#14 ಆಂಪಿಯರ್
ಮೋಟರ್ ಪ್ರಶ್ನೆಗೆ ಉತ್ತರ ಬಾಕಿ ಇದೆ.

ಈ ಅಳತೆಯ ಟ್ರೇನರ್ ಬ್ಯಾಟರಿ ಸೇರಿ ಸುಮಾರು ಒಂದೂವರೆ ಕಿಲೊ ಬರುತ್ತೆ. ಟ್ರೇನರ್‌ಗೆ ಕಿಲೊಗೆ 200ರಿಂದ 250 ವಾಟ್ ಸಾಕು, ಅಂದರೆ 300–370 ವಾಟ್. 3 ಸೆಲ್ ಲೈಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ತುಂಬಿದಾಗ 12.6 ವೋಲ್ಟ್ ತೋರಿಸಿದರೂ ಭಾರ ಬಿದ್ದಾಗ 10.8ರ ಆಸುಪಾಸು. ಹಾಗಾಗಿ 34 ಆಂಪಿಯರ್‌ವರೆಗೆ ಎಳೆಯುತ್ತೆ. 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಆಸುಪಾಸಿನ 3536 ಅಳತೆಯ ಮೋಟರ್, 50 ಆಂಪಿಯರ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ), 3 ಸೆಲ್ 2200 ಎಂಎಎಚ್ 30ಸಿ ಬ್ಯಾಟರಿ. ಪ್ರಾಪ್ (ಪ್ರೊಪೆಲ್ಲರ್) 10×5 ಇಂಚಿನಿಂದ ಶುರು ಮಾಡಿ, ವಾಟ್‌ಮೀಟರ್ ಹಾಕಿ ನೋಡಿ, ಆಂಪಿಯರ್ ಮೋಟರ್‌ನ ಮಿತಿಯೊಳಗಿದ್ದರೆ ಮಾತ್ರ 11×5.5ಕ್ಕೆ ಹೋಗಿ. ಮಿತಿ ದಾಟಿದರೆ ಮೋಟರ್ ಇಲ್ಲವೇ ಇಎಸ್‌ಸಿ ಸುಡುತ್ತೆ. ಇಎಸ್‌ಸಿ ಸುಟ್ಟರೆ ಅದರ ಜೊತೆಗೇ ರಿಸೀವರ್‌ಗೆ ಹೋಗುವ 5 ವೋಲ್ಟ್ ಕೂಡ ನಿಲ್ಲುತ್ತೆ, ಅಲ್ಲಿಗೆ ಐಲೆರಾನ್, ಬಾಲ ಅಲುಗಿಸುವ ಸರ್ವೊಗಳೂ ಸತ್ತವು.

ಹಾರಾಟದ ಸಮಯ: 2200ರಲ್ಲಿ 80 ಶೇಕಡಾ ಮಾತ್ರ ಬಳಸಿ, 1760. ಸರಾಸರಿ 14 ಆಂಪಿಯರ್ ಎಳೆದರೆ ಏಳೂವರೆ ನಿಮಿಷ. ಟೈಮರ್ 6ಕ್ಕೆ ಇಡಿ, ಇಳಿಸುವಾಗ ಒಂದೆರಡು ಸುತ್ತು ಹೆಚ್ಚೇ ಬೇಕಾಗುತ್ತೆ.

#15 ಅಂಟುಬೆರಳು
ಫೈರ್‌ವಾಲ್ ನೇರಕ್ಕೆ ಕೂರಿಸಬೇಡಿ. ನಕ್ಷೆಯಲ್ಲಿ 2–3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ತೋರಿಸಿರುತ್ತೆ. ಅದು ಮುದ್ರಣದ ತಪ್ಪು ಅಂತ ಉಜ್ಜಿ ನೇರ ಮಾಡುವ ಪುಣ್ಯಾತ್ಮರಿದ್ದಾರೆ. ಹಾಗೆ ಮಾಡಿದರೆ ಥ್ರಾಟಲ್ ಕೊಟ್ಟಾಗೆಲ್ಲ ಮೂತಿ ಮೇಲೇರಿ ಎಡಕ್ಕೆ ಎಳೆಯುತ್ತೆ.

#16 ಪೆಟ್ಟಿಗೆಬಿಚ್ಚಿದವ
ಲೈಪೊ ಅಂದ್ರೆ ಮನೆಯಲ್ಲಿ ಭಯ ಪಡ್ತಿದ್ದಾರೆ. ಬೆಂಕಿ ಹತ್ತುತ್ತಂತಲ್ಲ?

#17 ಆಂಪಿಯರ್
ಭಯ ಸುಳ್ಳಲ್ಲ, ಆದರೆ ಹತ್ತೋದಕ್ಕೆ ಕಾರಣ ಇರುತ್ತೆ. ಚಾರ್ಜರ್‌ನಲ್ಲಿ ಸೆಲ್ ಸಂಖ್ಯೆ ತಪ್ಪು ಕೊಡೋದು, ಸೆಲ್‌ಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸದೆ ಚಾರ್ಜ್ ಮಾಡೋದು, ಬಿದ್ದು ಜಜ್ಜಿದ ಅಥವಾ ಊದಿದ ಪ್ಯಾಕ್ ಮತ್ತೆ ಬಳಸೋದು. 2200ಕ್ಕೆ 1ಸಿ ಅಂದರೆ 2.2 ಆಂಪಿಯರ್, ಅದಕ್ಕಿಂತ ಅವಸರ ಬೇಡ. ದಪ್ಪ ಮಣ್ಣಿನ ಕುಂಡದೊಳಗೆ ಇಟ್ಟು, ಪರದೆ, ಹಾಸಿಗೆಯಿಂದ ದೂರ, ನೀವು ಎದುರಿಗೇ ಕೂತಿರುವಾಗ ಮಾತ್ರ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗಬಾರದು. ಎರಡು ದಿನ ಹಾರಿಸದಿದ್ದರೆ ಪ್ರತಿ ಸೆಲ್ 3.8 ವೋಲ್ಟ್‌ಗೆ ಇಳಿಸಿಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ.

#18 ಟೆಕ್ಸಾಸ್‌ಕನ್ನಡಿಗ
ವಿಮಾನದಲ್ಲಿ ತರುವವರಿಗೆ: ಬಿಡಿ ಲೈಪೊ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಅಲ್ಲ. ಕನೆಕ್ಟರ್‌ಗೆ ಟೇಪ್ ಸುತ್ತಿ. 3 ಸೆಲ್ 2200 ಅಂದರೆ 24.4 ವಾಟ್-ಅವರ್, 100ರ ಮಿತಿಯೊಳಗೇ ಬರುತ್ತೆ.

#19 ಹುಬ್ಬಳ್ಳಿಹಕ್ಕಿ
ಯಲಹಂಕದ ಬಯಲು ಅಂದ್ರಲ್ಲ, ಅದನ್ನ ಮರೀರಿ. ಅಲ್ಲೇ ವಾಯುಪಡೆ ನಿಲ್ದಾಣ, ಬಾಜೂಕ ಜಕ್ಕೂರು, ಇನ್ನೊಂದ್ ಕಡೆ ದೇವನಹಳ್ಳಿ.

#20 ಫೋಮ್‌ಪ್ರಿಯ
ಇದೇನು ಡ್ರೋನಾ? ಆಟದ ವಿಮಾನಕ್ಕೂ ರೂಲ್ಸಾ?

#21 ನಿಯಮಪಾಲಕ
ಹೌದು, ಅನ್ವಯಿಸುತ್ತೆ. ಡ್ರೋನ್ ನಿಯಮಗಳು 2021ರಲ್ಲಿ ನಾಲ್ಕು ಪ್ರೊಪೆಲ್ಲರ್‌ನದ್ದು ಮಾತ್ರ ಡ್ರೋನ್ ಅಂತಿಲ್ಲ, ರೆಕ್ಕೆಯ ವಿಮಾನವೂ ಅದರೊಳಗೇ ಬರುತ್ತೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನಿಮ್ಮದು ಮೈಕ್ರೊ. ಹವ್ಯಾಸಕ್ಕೆ ಹಾರಿಸುವ ಮೈಕ್ರೊಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ, ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟೂ ಬೇಡ. ಆದರೆ ಜಾಗದ ನಿಯಮಕ್ಕೆ ವಿನಾಯಿತಿ ಇಲ್ಲ. ಹಸಿರು ವಲಯದಲ್ಲಿ 400 ಅಡಿವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ 200 ಅಡಿವರೆಗೆ. ಹಳದಿಗೆ ಎಟಿಸಿ (ವಾಯು ಸಂಚಾರ ನಿಯಂತ್ರಣ) ಅನುಮತಿ, ಕೆಂಪಿಗೆ ಕೇಂದ್ರ ಸರ್ಕಾರದ್ದು. ಹೋಗುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿ, ನೋಂದಣಿ ಬಗ್ಗೆಯೂ ಓದಿಕೊಳ್ಳಿ.

ವಿದೇಶದಿಂದ ಸಿದ್ಧ ಡ್ರೋನ್ ತರಿಸೋದನ್ನು 2022ರ ಫೆಬ್ರವರಿ 9ರಿಂದ ನಿಷೇಧಿಸಿದ್ದಾರೆ, ಬಿಡಿಭಾಗಗಳಿಗೆ ಆ ನಿಷೇಧ ಇಲ್ಲ.

#22 ಟೆಕ್ಸಾಸ್‌ಕನ್ನಡಿಗ
ಇಲ್ಲೂ 250 ಗ್ರಾಂ ದಾಟಿದರೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನೋಂದಣಿ, ಜೊತೆಗೆ ಟ್ರಸ್ಟ್ ಅನ್ನೋ ಚಿಕ್ಕ ಆನ್‌ಲೈನ್ ಪರೀಕ್ಷೆ. ಆಟದ ಸಾಮಾನು ಅನ್ನೋ ವಾದ ಇಲ್ಲೂ ನಡೆಯಲ್ಲ.

#23 ಇಸ್ತ್ರಿಪೆಟ್ಟಿಗೆ
ಕಟ್ಟಿದ ಚೌಕಟ್ಟಿಗೆ ಫಿಲ್ಮ್ (ಕಾಯಿಸಿದರೆ ಅಂಟಿ ಬಿಗಿಯುವ ಪ್ಲಾಸ್ಟಿಕ್ ಹಾಳೆ) ಹೊದಿಸೋದು ಬಿಟ್ಟೇ ಹೋಯ್ತು. 2 ಮೀಟರ್ ಉದ್ದ, 60 ಸೆಂ.ಮೀ. ಅಗಲದ ರೋಲ್ ಎರಡು ಬೇಕು, ಒಂದು ರೆಕ್ಕೆಗೇ ಮುಗಿಯುತ್ತೆ. ಧೂಳು ಪೂರ್ತಿ ಒರೆಸಿ. ಕೆಳಮೈ ಮೊದಲು, ಆಮೇಲೆ ಮೇಲ್ಮೈ, ಒಂದರ ಮೇಲೊಂದು 6 ಮಿ.ಮೀ. ಹಾಯಬೇಕು. ಮೊದಲು ಅಂಚು ಮಾತ್ರ ಕಡಿಮೆ ಶಾಖದಲ್ಲಿ ಅಂಟಿಸಿ, ನಡುಭಾಗ ಬಿಗಿಸೋದು ಕೊನೆಗೆ. ಶಾಖ ಎಷ್ಟು ಅನ್ನೋದು ಒಂದೊಂದು ಫಿಲ್ಮ್‌ಗೆ ಒಂದೊಂದು ಥರ, ಚೂರೊಂದರ ಮೇಲೆ ಪರೀಕ್ಷಿಸಿ. ಮನೆಯ ಇಸ್ತ್ರಿಪೆಟ್ಟಿಗೆಯಾದರೆ ತಳಕ್ಕೆ ಹತ್ತಿ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಫಿಲ್ಮ್ ಗೀಚಿಹೋಗುತ್ತೆ.

ಒಂದೇ ಕಡೆ ಬಿಗಿಸಿದರೆ ರೆಕ್ಕೆ ತಿರುಚಿಕೊಳ್ಳುತ್ತೆ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ, ಹೀಗೆ ಸಾಗಿ. ತಿರುಚಿದ್ದರೆ ಎದುರು ದಿಕ್ಕಿಗೆ ಕೈಯಲ್ಲಿ ತಿರುಚಿ ಹಿಡಿದು ಮತ್ತೆ ಕಾಯಿಸಿ, ಆರುವವರೆಗೆ ಬಿಡಬೇಡಿ. ಹಿಂದಿನಿಂದ ಕಣ್ಣಿಟ್ಟು ನೋಡಿದಾಗ ಎರಡೂ ತುದಿ ಒಂದೇ ಥರ ಕಾಣಬೇಕು.

#24 ಶಿಯರ್‌ವೆಬ್
ಹಿಂಜ್ (ಅಲುಗುವ ಪಟ್ಟಿಗಳ ಕೀಲು): ಫಿಲ್ಮ್ ಹೊದಿಸಿದ ಮೇಲೆ. ಸಿಎ ಹಿಂಜ್ ಆದರೆ ತೆಳು ಸಿಎ, ಪ್ರತಿ ಮೈಗೆ 3–4 ಹನಿ, ಅಂಟು ಬೇಗ ಗಟ್ಟಿಯಾಗಿಸುವ ಆಕ್ಸಿಲರೇಟರ್ ಸಿಂಪಡಿಸಬೇಡಿ. ಒಳಗೆ ಇಳಿಯುವ ಮೊದಲೇ ಮೇಲೆ ಗಟ್ಟಿಯಾದರೆ ಎಳೆದಾಗ ಕಿತ್ತು ಬರುತ್ತೆ. ಒಣಗಿದ ಮೇಲೆ ಒಂದೊಂದನ್ನೂ ಬಲವಾಗಿ ಎಳೆದು ನೋಡಿ. ಅಲ್ಲಿ ಬಿಟ್ಟರೆ ಮೇಜಿನ ಮೇಲೆ ಬಿಟ್ಟಿತು, ಒಳ್ಳೆಯದೇ ಆಯ್ತು.

#25 ಮೂಲೆಮಟ್ಟ
ರೆಕ್ಕೆ ರಬ್ಬರ್‌ಬ್ಯಾಂಡಿನಿಂದ ಕಟ್ಟುವುದಾದರೆ 10–12 ಹಾಕಿ, ಕೊನೆಯ ಎರಡು ಅಡ್ಡಡ್ಡ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಸೀಳು ಬಿಡುತ್ತೆ, ಹಳೆಯದನ್ನು ಉಳಿತಾಯ ಅಂತ ಮತ್ತೆ ಕಟ್ಟಬೇಡಿ.

#26 ಪೆಟ್ಟಿಗೆಬಿಚ್ಚಿದವ
ಮೂರು ವಾರ ಆಯ್ತು, ಎಲ್ಲ ಕಟ್ಟಿ ಮುಗಿದಿದೆ. ಬ್ಯಾಟರಿ ಸೇರಿ 1480 ಗ್ರಾಂ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಮುಂಚೂಣಿ ಅಂಚಿನಿಂದ 86 ಮಿ.ಮೀ.ನಲ್ಲಿ ಸಮ ನಿಲ್ಲುತ್ತೆ. ನಕ್ಷೆಯಲ್ಲಿ 70 ಅಂತಿದೆ. 16 ಮಿ.ಮೀ. ತಾನೆ, ಹಾರಿಸಬಹುದಾ?

#27 ಹುಬ್ಬಳ್ಳಿಹಕ್ಕಿ
ಬ್ಯಾಡ್ರಿ!!

#28 ಆಂಪಿಯರ್
240ರ ಅಗಲಕ್ಕೆ 70 ಅಂದರೆ 29 ಶೇಕಡಾ, ಟ್ರೇನರ್‌ಗೆ ಸರಿಯಾದ ಜಾಗ. 86 ಅಂದರೆ ಸುಮಾರು 36. ಅಲ್ಲಿ ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಪಟ್ಟಿ) ಕೂದಲೆಳೆಯಷ್ಟು ಮುಟ್ಟಿದರೂ ಮೂತಿ ಎದ್ದು ನಿಂತು ಸ್ಟಾಲ್ ಆಗುತ್ತೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತೆ. ಹೊಸ ಕೈಗೆ ಹಿಡಿತಕ್ಕೆ ಸಿಗಲ್ಲ. ಮೂತಿ ಸ್ವಲ್ಪ ಭಾರವಾದರೆ ಸೋಮಾರಿಯಾಗಿ ಹಾರುತ್ತೆ ಅಷ್ಟೆ.

ಲೆಕ್ಕ ಮಾಡಿ, ತೂಕ ಗುಣಿಸು ದೂರ: 1480 × 16 = 23,680. ನಿಮ್ಮ ಬ್ಯಾಟರಿ 185 ಗ್ರಾಂ ಇದ್ದರೆ ಅದನ್ನು 128 ಮಿ.ಮೀ. ಮುಂದೆ ತಳ್ಳಬೇಕು. ಅಷ್ಟು ಜಾಗ ಇಲ್ಲದಿದ್ದರೆ ಮೂತಿಯಲ್ಲಿ, 260 ಮಿ.ಮೀ. ದೂರದಲ್ಲಿ, 91 ಗ್ರಾಂ ಸೀಸ.

#29 ಪೆಟ್ಟಿಗೆಬಿಚ್ಚಿದವ
ಬ್ಯಾಟರಿ ಸದ್ಯಕ್ಕೆ ರೆಕ್ಕೆಯ ಕೆಳಗಿದೆ. ಮುಂದೆ 90 ಮಿ.ಮೀ. ಜಾಗ ಇದೆ.

#30 ಆಂಪಿಯರ್
90 ತಳ್ಳಿದರೆ 16,650 ತೀರುತ್ತೆ. ಉಳಿದ 7,030ಕ್ಕೆ ಮೂತಿಯಲ್ಲಿ 27 ಗ್ರಾಂ. ಬ್ಯಾಟರಿಗೆ ವೆಲ್ಕ್ರೊ ಒಂದೇ ಸಾಲದು, ಅಡ್ಡಪಟ್ಟಿಯೂ ಇರಲಿ. ಹಾರುವಾಗ ಹಿಂದೆ ಜಾರಿದರೆ ಲೆಕ್ಕವೆಲ್ಲ ವ್ಯರ್ಥ.

#31 ಅಂಟುಬೆರಳು
ರೇಡಿಯೊ ಹೊಂದಿಸುವಾಗ ಪ್ರಾಪ್ ಬಿಚ್ಚಿಟ್ಟಿರಿ. ಇದರಲ್ಲಿ ಚರ್ಚೆ ಇಲ್ಲ. 11 ಇಂಚಿನ ಪ್ರಾಪ್ ಬೆರಳು ತೆಗೆಯುತ್ತೆ.

ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗಿನ ರಕ್ಷಣೆ) ಪರೀಕ್ಷಿಸಿ: ಥ್ರಾಟಲ್ ಅರ್ಧ ಕೊಟ್ಟು ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟರ್ ನಿಲ್ಲಬೇಕು. ರಿಸೀವರ್‌ನ ಎರಡು ಆಂಟೆನಾ ಒಂದಕ್ಕೊಂದು 90 ಡಿಗ್ರಿಗಿರಲಿ, ತುದಿಯ 31 ಮಿ.ಮೀ. ಭಾಗ ಬ್ಯಾಟರಿಗೂ ಕಾರ್ಬನ್ ಕಡ್ಡಿಗೂ ತಾಗದಿರಲಿ. ಆಮೇಲೆ ರೇಂಜ್ ಚೆಕ್ ಮೋಡ್‌ನಲ್ಲಿ 30 ಹೆಜ್ಜೆ ದೂರ ಹೋಗಿ ಸರ್ವೊ ನಡುಗುತ್ತಾ ನೋಡಿ.

#32 ಶಿಯರ್‌ವೆಬ್
ಐಲೆರಾನ್ ಮೇಲೆ 12 ಮಿ.ಮೀ., ಕೆಳಗೆ 8. ಸಮ ಕೊಟ್ಟರೆ ತಿರುವಿನಲ್ಲಿ ಮೂತಿ ಎದುರು ದಿಕ್ಕಿಗೆ ಎಳೆಯುತ್ತೆ. ಎಲಿವೇಟರ್ ಎರಡೂ ಕಡೆ 12, ರಡ್ಡರ್ (ಫಿನ್‌ನ ಅಲುಗುವ ಪಟ್ಟಿ) 20. ಎಕ್ಸ್‌ಪೊ (ಸ್ಟಿಕ್ ನಡುವಿನಲ್ಲಿ ಚುರುಕು ತಗ್ಗಿಸುವ ಸೆಟ್ಟಿಂಗ್) 25 ಶೇಕಡಾ. ಫುಟಾಬಾ ರೇಡಿಯೊದಲ್ಲಿ ಮೆತ್ತಗಾಗಲು ಮೈನಸ್, ಸ್ಪೆಕ್ಟ್ರಮ್‌ನಲ್ಲಿ ಪ್ಲಸ್. ತಪ್ಪು ಚಿಹ್ನೆ ಹಾಕಿದರೆ ಸ್ಟಿಕ್ ನಡುವಿನಲ್ಲೇ ಹುಚ್ಚೆದ್ದು ಕುಣಿಯುತ್ತೆ.

#33 ಫೋಮ್‌ಪ್ರಿಯ
ಸಿಮ್ಯುಲೇಟರ್‌ನಲ್ಲಿ ಎಷ್ಟು ಗಂಟೆ ಆಡಿದ್ದೀರಿ ಕೇಳಿ ಮೊದಲು. ಎದುರಿಗೆ ಬರುವಾಗ ಎಡ-ಬಲ ಅದಲುಬದಲಾಗುತ್ತೆ. ಕಲಿಸುವವರು ಪಕ್ಕದಲ್ಲಿಲ್ಲದಿದ್ದರೆ ಬಾಲ್ಸಾ ಕಡ್ಡಿ ಆಯ್ಕೊಂಡು ಬರಬೇಕಾಗುತ್ತೆ.

#34 ಮೂಲೆಮಟ್ಟ
ಈ ಚರ್ಚೆಯಲ್ಲಿ ಫೋಮ್‌ಪ್ರಿಯರ ಮೊದಲ ಸರಿಯಾದ ಮಾತು. ಬೆಳಿಗ್ಗೆ ಏಳರೊಳಗೆ, ಗಾಳಿ ಗಂಟೆಗೆ 10 ಕಿ.ಮೀ. ಒಳಗಿರುವಾಗ, ಗಾಳಿಗೆ ಎದುರಾಗಿ ಏರಿಸಿ. 50 ಮೀಟರ್ ಎತ್ತರಕ್ಕೆ ಹೋಗುವವರೆಗೆ ತಿರುಗಿಸಬೇಡಿ. ಮೋಟರ್ ನಿಂತರೆ ನೇರ ಮುಂದೆಯೇ ಇಳಿಸಿ. ನಿಮ್ಮ ಕಡೆ ತಿರುಗಿಸಲು ಹೋಗಿಯೇ ಹೆಚ್ಚಿನವು ನೆಲಕಚ್ಚೋದು.

#35 ಪೆಟ್ಟಿಗೆಬಿಚ್ಚಿದವ
ಬ್ಯಾಟರಿ ತಳ್ಳಿ, ಸೀಸ ಹಾಕಿದೆ. ಈಗ 70ರಲ್ಲಿ ನಿಲ್ಲುತ್ತೆ, ತೂಕ 1507. ಕಲಿಸುವವರು ಸಿಕ್ಕಿದ್ದಾರೆ, ಜಾಗ ನಕ್ಷೆಯಲ್ಲಿ ಹಸಿರಿದೆ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಐಲೆರಾನ್ ಕೆಳಗಿಳಿಯುತ್ತೆ. ಸರಿ ತಾನೆ?

#36 ಹುಬ್ಬಳ್ಳಿಹಕ್ಕಿ
ಉಲ್ಟಾ ಅದ ರೀ! ಬಾಲದ ಹಿಂದ ನಿಂತು ನೋಡ್ರಿ. ಸ್ಟಿಕ್ ಯಾವ ಕಡೆ ವಾಲ್ತದೋ ಆ ಕಡೆ ಐಲೆರಾನ್ ಏಳಬೇಕು. ಟ್ರಾನ್ಸ್‌ಮಿಟರ್‌ನ್ಯಾಗ ಐಲೆರಾನ್ ಚಾನೆಲ್ ರಿವರ್ಸ್ ಮಾಡಿ ಮತ್ತ ನೋಡ್ರಿ. ಪ್ರಾಪ್ ಬಿಚ್ಚೀರಿ ಹೌದಲ್ಲೋ?

#37 ಪೆಟ್ಟಿಗೆಬಿಚ್ಚಿದವ
...ಈಗ ಬಿಚ್ಚಿದೆ.